ಎಡಗಡೆ ಸಿಲಿಂಡರ್

ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಮೇಸ್ತ್ರಿ ಅದರ ಕಾಯಿಲೆ ಹೇಳಿಬಿಡುತ್ತಿದ್ದ. ಹೇಳಿದ್ದು ಬಹುಪಾಲು ಸರಿಯಾಗಿಯೇ ಇರುತ್ತಿತ್ತು ಅನ್ನಿ. ಕೆಟ್ಟಿದ್ದೇ ಅದರಿಂದ. ಒಮ್ಮೆ ಬಾಯಿಂದ ಬಿದ್ದ ಮಾತನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸವೇ ಪುಣ್ಯಾತ್ಮನಿಗೆ ಇರಲಿಲ್ಲ.

ಹಲ್ಲಿನ ಡಾಕ್ಟರು ತಮ್ಮ ತಂದೆಯ ಕಾಲದ ಮೋಟಾರ್‌ಸೈಕಲ್ಲನ್ನು ತಳ್ಳಿಕೊಂಡು, ಏದುಸಿರು ಬಿಡುತ್ತಾ ಗ್ಯಾರೇಜಿಗೆ ಬಂದರು. ಅದರಲ್ಲಿ ಎಲ್ಲವೂ ಜೋಡಿ. ಎರಡು ಸಿಲಿಂಡರ್, ಅವಕ್ಕೆ ಪೆಟ್ರೋಲ್ ಉಣಿಸಲು ಎರಡು ಕಾರ್ಬುರೇಟರ್, ಕಿಡಿ ಹೊತ್ತಿಸಲು ಎರಡು ಕಾಯಿಲ್. ಮುನಿಸಿಕೊಂಡ ಗಂಡಹೆಂಡಿರ ಹಾಗೆ ಒಂದು ಸುಮ್ಮನೆ ಕೂತರೆ ಇನ್ನೊಂದೇ ಒದ್ದಾಡಿಕೊಂಡು ಸಂಸಾರ ಎಳೆಯಬೇಕು. ಈಗ ಎಳೆಯುತ್ತಿದ್ದುದು ಬಲಗಡೆಯದು ಮಾತ್ರ. ಎಡಗಡೆ ಕಾಯಿಲ್ ಸುಟ್ಟು ಕರಕಲಾಗಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ ತಂಗಿಗೆ ಕೊಟ್ಟ.

ತಂಗಿ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಕೂತು ಕಾಯಿಲ್ ಸುತ್ತುವವಳು. ಅವಳೂ ಅವಳ ಮಗಳೂ ಯಾರ ಮುಂದೆಯೂ ಕೈಚಾಚದೆ ಬದುಕುತ್ತಿದ್ದುದು ಆ ತಾಮ್ರದ ತಂತಿಯಿಂದ. ಬೀದಿಯ ಗ್ಯಾರೇಜು, ವರ್ಕ್‌ಶಾಪಿನವರೆಲ್ಲ ಸುಟ್ಟ ಕಾಯಿಲ್‌ಗಳನ್ನು ಅವಳ ಮೇಜಿಗೇ ತಂದು ಸುರಿಯುತ್ತಿದ್ದರು. ಅವಳು ಸುತ್ತುತ್ತಿದ್ದಾಗ ಮೇಸ್ತ್ರಿ ಎರಡೂ ಕಾರ್ಬುರೇಟರ್ ಬಿಚ್ಚಿ ತೊಳೆದು ಮತ್ತೆ ಕೂರಿಸಿದ.

ಹೊಸದಾಗಿ ಸುತ್ತಿದ ಕಾಯಿಲ್ ಹಾಕಿ ಕಿಕ್ ಹೊಡೆದರೆ ಮತ್ತದೇ ಕುಂಟು ಸದ್ದು. ಬಲಗಡೆ ಸೈಲೆನ್ಸರ್ ಕೈ ಸುಡುವಷ್ಟು ಬಿಸಿ, ಎಡಗಡೆಯದು ತಣ್ಣಗೆ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಎದುರಿನ ಟೈರ್ ಅಂಗಡಿಯವನು, ಪಕ್ಕದಲ್ಲಿ ಕಬ್ಬಿಣ ಕಡೆಯುವ ಲೇತ್‌ನವನು ಇಬ್ಬರೂ ಟೀ ಲೋಟ ಹಿಡಿದು ತಮಾಷೆ ನೋಡಲು ಬಂದಿದ್ದರು.

“ಕಾಯಿಲ್ಲೇ ಕೈಕೊಟ್ಟಿದೆ” ಅಂದ ಮೇಸ್ತ್ರಿ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. “ಈಚೀಚೆಗೆ ನಮ್ಮ ತಂಗಿ ಕೈ ಸರಿ ಇಲ್ಲ ಕಣ್ರೀ” ಅಂತ ಬಾಲವನ್ನೂ ಸೇರಿಸಿದ.

ಕೋಣೆಗೂ ಗ್ಯಾರೇಜಿಗೂ ನಡುವೆ ಇದ್ದುದು ಒಂದು ಜಾಲರಿ ಕಿಟಕಿ. ತಂಗಿ ಬಂದು ಕಾಯಿಲ್ ತೆಗೆದುಕೊಂಡು ಹೋದಳು, ಇನ್ನೊಮ್ಮೆ ಸುತ್ತಿಕೊಟ್ಟಳು. ಎಡಗಡೆ ಆಗಲೂ ಉಸಿರೆತ್ತಲಿಲ್ಲ. ಪ್ಲಗ್ ಬಿಚ್ಚಿ ಎಂಜಿನ್ನಿನ ಮೈಗೆ ತಗುಲಿಸಿ ನೋಡಿದರೆ ಕಿಡಿ ಚೆನ್ನಾಗಿಯೇ ಬರುತ್ತಿತ್ತು. “ಹೊರಗೆ ಬರುತ್ತೆ, ಒಳಗೆ ಒತ್ತಡಕ್ಕೆ ಸಾಯುತ್ತೆ” ಅಂದ ಮೇಸ್ತ್ರಿ. ಪ್ಲಗ್ಗಿನ ತುದಿ ಒಣಗಿತ್ತು. ಪೆಟ್ರೋಲೇ ತಲುಪದಿದ್ದರೆ ಹಾಗಿರುತ್ತದೆ ಅಂತ ಅವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅಷ್ಟು ಜನರ ಮುಂದೆ ಆಡಿದ ಮಾತು! ಪ್ಲಗ್ಗನ್ನು ಒರೆಸಿ ಮತ್ತೆ ಹಾಕಿದ.

“ಅಣ್ಣ, ಎಡಗಡೆ ಕಾಯಿಲ್ ಬಲಕ್ಕೆ, ಬಲಗಡೇದು ಎಡಕ್ಕೆ ಹಾಕಿ ನೋಡೋಣ. ನಂದೇ ತಪ್ಪಿದ್ರೆ ಬಲಗಡೆ ನಿಲ್ಲುತ್ತೆ” ಅಂದಳು ತಂಗಿ.

“ನಿನ್ನ ಕೆಲಸ ನೀನು ನೆಟ್ಟಗೆ ಮಾಡು ತಾಯಿ, ನನಗೆ ಪಾಠ ಹೇಳ್ಬೇಡ.”

ಮಾತಿಗೆ ಕಾಲು ಬಂತು. ಲೇತ್‌ನವನು “ಅರ್ಜೆಂಟ್ ಇತ್ತಮ್ಮಾ, ಬೇರೆ ಕಡೆ ಮಾಡಿಸ್ಕೋತೀನಿ” ಅಂತ ಅವಳ ಮೇಜಿನಿಂದ ತನ್ನ ಕಾಯಿಲ್‌ಗಳನ್ನು ಆರಿಸಿಕೊಂಡು ಹೋದ. ಮಿಕ್ಕವರು ಅಷ್ಟನ್ನೂ ಹೇಳಲಿಲ್ಲ, ಸುಮ್ಮನೆ ಬರುವುದನ್ನು ಬಿಟ್ಟರು. ವಾರ ಕಳೆಯುವುದರೊಳಗೆ ಅವಳ ಮೇಜಿನ ಮೇಲೆ ಉಳಿದದ್ದು ಡಾಕ್ಟರ ಗಾಡಿಯದೊಂದೇ. ಅದನ್ನು ಮೂರನೇ ಸಲ ಸುತ್ತಿ, ತಂದು ಅಣ್ಣನ ಮುಂದಿಟ್ಟು ಹೋದಳು.

ಮಧ್ಯಾಹ್ನ ಊಟದ ಹೊತ್ತು. ಬೀದಿ ಖಾಲಿ ಇತ್ತು. ಮೇಸ್ತ್ರಿ ಹಾಕಿ ನೋಡಿದ. ಎಡಗಡೆ ಸತ್ತೇ ಇತ್ತು. ಅತ್ತಿತ್ತ ಕಣ್ಣು ಹಾಯಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಂಗಿ ಹೇಳಿದ ಹಾಗೆಯೇ ಕಾಯಿಲ್‌ಗಳನ್ನು ಅದಲು ಬದಲು ಮಾಡಿದ. ಬಲಗಡೆ ಅವಳ ಕಾಯಿಲ್ ಮೇಲೆ ಲಕ್ಷಣವಾಗಿ ಓಡಿತು.

ಎಡಗಡೆ ಕಾರ್ಬುರೇಟರ್ ಬಿಚ್ಚಿದ. ಗಾಳಿ, ಪೆಟ್ರೋಲ್ ಎಂಜಿನ್ನಿನ ಒಳಗೆ ಹೋಗುವ ತೂತಿನಲ್ಲಿ ಒಂದು ಬಟ್ಟೆ ಉಂಡೆ ಕೂತಿತ್ತು. ಅವನದೇ ಹಳೇ ಪಟ್ಟೆ ಅಂಗಿಯ ಚಿಂದಿ. ಕಾರ್ಬುರೇಟರ್ ತೊಳೆಯುವಾಗ ಒಳಗೆ ನಟ್ಟು ಬೀಳದಿರಲಿ ಅಂತ ಅವನೇ ತುರುಕಿದ್ದು. ಬಲಗಡೆಯದನ್ನು ತೆಗೆದಿದ್ದ, ಎಡಗಡೆಯದನ್ನು ಮರೆತು ಮೇಲೆ ಮುಚ್ಚಿಬಿಟ್ಟಿದ್ದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಕೈಗೆ ನಾಚಿಕೆ ಎಲ್ಲಿಯದು? ಅದು ಚಿಂದಿಯನ್ನು ಎಳೆದು ಸೀದಾ ಪ್ಯಾಂಟಿನ ಜೇಬಿಗೆ ತುರುಕಿತು.

ಸಂಜೆ ಡಾಕ್ಟರು ಬಂದಾಗ ಗಾಡಿ ಎರಡೂ ಕಡೆ ಸೊಗಸಾಗಿ ಗುಡುಗುತ್ತಿತ್ತು.

“ಅಬ್ಬ! ಅಂತೂ ಕಾಯಿಲ್ ಸರಿಹೋಯ್ತಲ್ಲ ಮೇಸ್ತ್ರಿ!”

“ಹೂಂ” ಅಂದ ಮೇಸ್ತ್ರಿ.

ತಂಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಕ್ಷಮಿಸಿ ಡಾಕ್ಟ್ರೇ. ನನ್ನಿಂದ ನಿಮಗೆ ಸುಮ್ನೆ ಅಲೆದಾಟ ಆಯ್ತು” ಅಂದಳು. ಅಂದವಳು ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು. ಮೇಸ್ತ್ರಿ ಬಗ್ಗಿ, ಮೊದಲೇ ಬಿಗಿಯಾಗಿದ್ದ ನಟ್ಟನ್ನು ಇನ್ನಷ್ಟು ಬಿಗಿ ಮಾಡಿದ. ಡಾಕ್ಟರು “ಪರವಾಗಿಲ್ಲಮ್ಮಾ, ಇನ್ಮೇಲೆ ಹುಷಾರಾಗಿ ಮಾಡು” ಅಂತ ದೊಡ್ಡ ಮನಸ್ಸು ಮಾಡಿ ಗಾಡಿ ಹತ್ತಿ ಹೋದರು.

“ಜೇಬಲ್ಲಿರೋದನ್ನ ತೆಗಿ ಅಣ್ಣ” ಅಂದಳು ತಂಗಿ.

ಮೇಸ್ತ್ರಿಯ ಕೈ ತಾನಾಗಿಯೇ ಜೇಬನ್ನು ಮುಚ್ಚಿಕೊಂಡಿತು.

“ಕಿಟಕಿಯಿಂದ ನೋಡಿದೆ. ಬಟ್ಟೆ ಮರೆಯೋದು ಯಾರಿಗಾದ್ರೂ ಆಗುತ್ತೆ. ನಾನು ಕ್ಷಮೆ ಕೇಳಿದಾಗಲಾದ್ರೂ ಬಾಯಿ ಬಿಡ್ತೀಯ ಅಂದ್ಕೊಂಡೆ.” ಅವಳು ದನಿ ಏರಿಸಲೂ ಇಲ್ಲ. ಎರಡು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೇಸ್ತ್ರಿ ಚಿಂದಿಯನ್ನು ಕೈಯಲ್ಲಿ ಹಿಡಿದು ಬೀದಿಗಿಳಿದ. ಟೈರ್ ಅಂಗಡಿಗೆ ಹೋದ, ಲೇತ್‌ನವನ ಹತ್ತಿರ ಹೋದ, ಡಾಕ್ಟರ ಕ್ಲಿನಿಕ್ಕಿನ ಬಾಗಿಲು ತಟ್ಟಿದ. “ತಪ್ಪು ನಂದು. ಈ ಬಟ್ಟೆ ಒಳಗೆ ಬಿಟ್ಟವನು ನಾನು. ತಂಗಿ ಕಾಯಿಲ್ ಮೊದಲನೇ ಸಲವೇ ಸರಿ ಇತ್ತು” ಅಂತ ಎಲ್ಲ ಕಡೆಯೂ ಹೇಳಿದ. ಹೇಳುವಾಗ ಮುಖ ಕೆಂಡದಂತೆ ಕಾದಿತ್ತು. ಉಗಿಯುತ್ತಾರೆ, ಉಗಿಯಲಿ, ಉಗಿಸಿಕೊಂಡು ಬರೋಣ ಅಂತಲೇ ಹೋಗಿದ್ದ.

ಯಾರೂ ಉಗಿಯಲಿಲ್ಲ. ಡಾಕ್ಟರು ನಕ್ಕು ಬೆನ್ನು ತಟ್ಟಿದರು. ಲೇತ್‌ನವನು ಕಣ್ಣು ಮಿಟುಕಿಸಿದ. ಟೈರ್ ಅಂಗಡಿಯವನಂತೂ ಅವನ ಕೈಯನ್ನೇ ಹಿಡಿದುಕೊಂಡ. “ಮೇಸ್ತ್ರಿ, ನಮಗೆ ಅರ್ಥವಾಗಲ್ವಾ? ನೀವು ಬಟ್ಟೆ ಮರೆಯೋ ಪೈಕಿನಾ? ತಂಗಿ ಮಾನ ಉಳಿಸೋಕೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋತಿದೀರಿ. ನಿಮ್ಮಂಥ ಅಣ್ಣ ಎಲ್ಲರಿಗೂ ಸಿಗಲ್ಲ ಬಿಡಿ!”

“ಅಯ್ಯೋ, ನಿಜ ಕಣಯ್ಯಾ! ಆಣೆ ಮಾಡಿ ಹೇಳ್ತೀನಿ!”

“ಆಯ್ತು ಆಯ್ತು, ನಿಜ” ಅಂದ ಅವನು, ಮಕ್ಕಳಿಗೆ ಹೇಳುವ ಹಾಗೆ.

ಮೇಸ್ತ್ರಿ ವಾಪಸ್ ಬಂದು ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲು ಮುಖವಿರಲಿಲ್ಲ. ತಂಗಿ ಖಾಲಿ ಮೇಜನ್ನು ಒರೆಸುತ್ತಿದ್ದಳು.

“ಏನಂದ್ರು?”

“ನಿನ್ನನ್ನ ಕಾಪಾಡೋಕೆ ಸುಳ್ಳು ಹೇಳ್ತಿದೀನಿ ಅಂದ್ರು.”

ಅವಳು ಒರೆಸುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟಳು. ಆಮೇಲೆ ಚೀಲ ಹೆಗಲಿಗೇರಿಸಿ, ಅವನನ್ನು ಬಳಸಿಕೊಂಡು ಹೊರಗೆ ಹೋದಳು. ಅವಳು ಬೀದಿ ದಾಟುವಾಗ ಟೈರ್ ಅಂಗಡಿಯವನು ಅಲ್ಲಿಂದಲೇ ಕೂಗಿ ಹೇಳಿದ, “ನಿಮ್ಮಣ್ಣ ಅಪರಂಜಿ ಕಣಮ್ಮಾ! ಪುಣ್ಯ ಮಾಡಿದ್ರಿ ನೀವು!”

ತಂಗಿ ನಿಂತಳು. ಹೇಳಿಬಿಡಲಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿಬಿಡಲಿ ಅಂತ ಮೇಸ್ತ್ರಿ ಕಾದ.

“ಹೌದು” ಅಂದು ಅವಳು ಮುಂದೆ ನಡೆದಳು.