ಐದು ಗ್ರಾಂ ಅವರೆ

ಮತ್ತೆ ತುಂಬಿತು, ಗಾಜಿನ ಕೊಳವೆಯಲ್ಲಿ ಈಥರ್ ಏರಿ ಏರಿ ಗುಳುಕ್ ಎಂದು ಕೆಳಗಿನ ಗಾಜಿನ ಬುರುಡೆಗೆ ಇಳಿಯಿತು, ಹನ್ನೊಂದನೇ ಸಲ, ಇಳಿಯಲಿ, ಕಾಳಿನ ಕೊಬ್ಬನ್ನೆಲ್ಲ ತೊಳೆದುಕೊಂಡು ಇಳಿಯಲಿ, ಹೊರಗೆ ಬೀಜ ಪರೀಕ್ಷೆಯ ಲ್ಯಾಬಿನ ಜಗಲಿಯ ಮೇಲೆ ಕೂತಿದ್ದಾಳಲ್ಲ ಆ ಪುಟ್ಟಮಾದಮ್ಮ, ಅವಳ ಮುಖಕ್ಕೆ ಹಿಡಿಯುತ್ತೇನೆ — ಅಂತರಸಂತೆಯಿಂದ ಹುಣಸೂರಿನವರೆಗೆ ಬಂದು, ಬಿ.ಎಸ್ಸಿ. ಓದಿದ ನನ್ನ ಲೆಕ್ಕವೇ ತಪ್ಪು ಅನ್ನುವಷ್ಟು ಪೊಗರು ಅವಳಿಗೆ, ನನ್ ಕಾಳು ಬೆರಕೆ ಅಲ್ಲ ಕಣ್ ಸ್ವಾಮಿ, ಅಲ್ಲದೆ ಇನ್ನೇನು, ಅವರೆಯಲ್ಲಿ ಕೊಬ್ಬು ನೂರಕ್ಕೆ ಎರಡು ದಾಟುವುದಿಲ್ಲ, ನಿನ್ನದರಲ್ಲಿ ನಾಲ್ಕೂವರೆ, ಬೇರೆ ಕಾಳು ಬೆರೆಸದೆ ಎಲ್ಲಿಂದ ಬಂತು, ಬೆರಕೆ ಎಂದು ನಾನೇ ಬರೆದೆ, ಬಿತ್ತನೆ ಬೀಜ ಮಾರುವ ರೈತರ ಪಟ್ಟಿಯಿಂದ ಅವಳ ಹೆಸರನ್ನು ಹೊಡೆದುಹಾಕಿಸಿದೆ, ಹೋದ ತಿಂಗಳು ಅವಳು ತಂದ ಪೊಟ್ಟಣವಾದರೂ ಎಂಥದ್ದು, ಕಾಗದದ ಮೇಲೆ ಐದು ಬೆರಳಿನ ಎಣ್ಣೆ ಗುರುತು, ಕೈ ತೊಳೆದುಕೊಂಡು ಬರಬಾರದಾ ಎಂದಿದ್ದೆ, ಅದಲ್ಲ ಸ್ವಾಮಿ, ಉಳ ಬೀಳ್ಬಾರ್ದು ಅಂತ — ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ಬಾಯಿ ಮುಚ್ಚಿಸಿ ಆ ಬೆರಳುಗಳ ಪಕ್ಕದಲ್ಲೇ ನಂಬರಿನ ಚೀಟಿ ಅಂಟಿಸಿದ್ದೆ.

ಇವತ್ತು ಬೆಳಿಗ್ಗೆ ಮತ್ತೆ ಬಂದಳು, ಸೆರಗಿನ ಗಂಟಿನಲ್ಲಿ ಒಂದು ಬೊಗಸೆ ಅವರೆ, ನಮ್ಮತ್ತೆ ಕಾಲದ ತಳಿ ಸ್ವಾಮಿ, ಬೆರಕೆ ಅಂತ ಕಾಗ್ಜ ಬಂದ್ಮೇಲೆ ನಮ್ಮಟ್ಟಿಯೋರು ಮೂಟೆನೆಲ್ಲ ಬೇಯಿಸ್ಕೊಂಡು ಉಂಡ್ಬುಟ್ರು, ಇಷ್ಟೇ ಉಳ್ದಿರೋದು, ಇನ್ನೊಂದ್ಸಲ ನೋಡಿ, ಮಿಕ್ಕಿದ್ದು ಕೊಟ್ಬುಡಿ, ಬಿತ್ಕೋಬೇಕು. ಪರೀಕ್ಷೆಗೆ ಐದು ಗ್ರಾಂ ಸಾಕಿತ್ತು, ಇಪ್ಪತ್ತು ಕಾಳು. ಉರಿದುಹೋಯಿತು ನನಗೆ, ನನ್ನನ್ನೇ ಪರೀಕ್ಷೆ ಮಾಡುವುದಕ್ಕೆ ಬಂದಿದ್ದಾಳಲ್ಲ, ಬೊಗಸೆಯಷ್ಟನ್ನೂ ಕಲ್ಲಿಗೆ ಸುರಿದು ಒಂದು ಕಾಳೂ ಉಳಿಯದಂತೆ ಅರೆದೆ, ಬೇಕೆಂದೇ ಅರೆದೆ, ಬಾಗಿಲು ಹಾಕಿಕೊಂಡು.

ಆರಿತು ಈಥರ್, ತೂಗಿದೆ, ಮತ್ತೆ ನಾಲ್ಕೂವರೆ, ನೋಡು, ನಾನು ಹೇಳಲಿಲ್ಲವಾ — ಆದರೆ ಬುರುಡೆಯ ತಳದಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರುವುದೇನು, ಬೆರಳಿಗೆ ಅಂಟುತ್ತದೆ, ಮೂಸಿದರೆ ಹರಳೆಣ್ಣೆ, ಶನಿವಾರ ಅವ್ವ ನನ್ನ ನೆತ್ತಿಗೆ ಬಡಿಯುತ್ತಿದ್ದ ಅದೇ ಹರಳೆಣ್ಣೆ, ಪಿರಿಯಾಪಟ್ಟಣದ ಮನೆಯ ಅಂಗಳ, ಮೊರದ ತುಂಬ ಅವರೆ, ಸರಿಯಾಗಿ ಹಿಡ್ಕೊಳ್ಳೋ ಬೆಟ್ಟಸ್ವಾಮಿ, ಎಣ್ಣೆ ಸವರದಿದ್ರೆ ಉಳ ಬೀಳ್ತದೆ, ಹಿಡಿದುಕೊಂಡಿದ್ದೆ, ಪ್ರತಿ ಸುಗ್ಗಿಯಲ್ಲೂ ನಾನೇ ಹಿಡಿದುಕೊಂಡಿದ್ದೆ. ಕೊಬ್ಬು ಕಾಳಿನ ಒಳಗಿನದಲ್ಲ, ಮೇಲಿನದು. ಈ ಮುದುಕಿಗೆ ಬಾಯಿ ಬಿಟ್ಟು ಹೇಳುವುದಕ್ಕೇನು ರೋಗ — ಹೇಳಿದ್ದಳಲ್ಲ, ಹೇಳುತ್ತಿದ್ದಳು, ಥೂ, ಹಾಳು ಬಿ.ಎಸ್ಸಿ., ಅರೆಯುವ ಮೊದಲು ಕಾಳನ್ನು ಒಮ್ಮೆ ಒರೆಸಿ ನೋಡಿದ್ದರೆ ಸಾಕಿತ್ತು, ಕಾಗದ ತಿದ್ದಬಹುದು, ಪಟ್ಟಿಗೆ ಹೆಸರು ಮತ್ತೆ ಸೇರಿಸಬಹುದು, ಸೇರಿಸಿ ಏನು ಬಿತ್ತುತ್ತಾಳೆ, ಕಲ್ಲಿನಲ್ಲಿ ಹಿಟ್ಟು. ಬಾಗಿಲು ತಟ್ಟುತ್ತಿದ್ದಾಳೆ, ಸ್ವಾಮಿ, ಮೂರು ಗಂಟೆ ಬಸ್ಸಿಗೆ ಓಯ್ತೀನಿ, ಮಿಕ್ಕಿದ್ ಕಾಳು ಕೊಟ್ಬುಡಿ, ಏನು ಕೊಡಲಿ, ಏನೆಂದು ಹೇಳಲಿ, ಕಪಾಟಿನಲ್ಲಿ ಹೋದ ತಿಂಗಳ ಆ ಖಾಲಿ ಪೊಟ್ಟಣ, ನನ್ನ ಚೀಟಿ, ಚೀಟಿಯ ಪಕ್ಕದಲ್ಲಿ ಐದು ಬೆರಳು, ಎಣ್ಣೆಯ ಐದು ಬೆರಳು, ಐದು ಬೆರಳು