ಅಡುಗೆಮನೆ ಹಿಂದಿನ ಬಾಳೆ

ಹಣ್ಣು ಕಪ್ಪಾಗಬೇಕು. ಅಲ್ಲಲ್ಲಿ ಚುಕ್ಕೆ ಬಿದ್ದರೆ ಸಾಲದು. ಪಟ್ಟಣದವರು ಕಂಡರೆ ಮೂಗು ಮುಚ್ಚಿಕೊಂಡು ತಿಪ್ಪೆಗೆ ಎಸೆಯಬೇಕು, ಅಷ್ಟು ಕಪ್ಪಾಗಬೇಕು. ಅಂಥ ಹಣ್ಣನ್ನು ಸುಲಿಯುವ ಕಷ್ಟವೂ ಇಲ್ಲ. ತೊಟ್ಟು ಮುರಿದು ಹಿಂಡಿದರೆ ತಾನಾಗಿ ಬೋಗುಣಿಗೆ ಜಾರುತ್ತದೆ. ಅಂಗಡಿಯ ಹಳದಿ ಹಣ್ಣಿಗೆ ಲೋಟಗಟ್ಟಲೆ ಸಕ್ಕರೆ ಸುರಿದು, ಬಾಳೆಹಣ್ಣಿನ ಬ್ರೆಡ್ಡು ಎಂದು ಚರ್ಚಿನ ಮಾರಾಟಕ್ಕೆ ತರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾರೆಂದು ಹೇಳುವುದಿಲ್ಲ. ಪಕ್ಕದ ಮನೆಯ ಮರ್ಲೀನಳಿಗೆ ಗೊತ್ತು.

ಆ ಶನಿವಾರ ಅಡುಗೆಮನೆಯ ಗೂಟದಲ್ಲಿ ತೂಗುಹಾಕಿದ್ದ ಗೊನೆಯ ಹಣ್ಣೆಲ್ಲ ಒಟ್ಟಿಗೇ ಕಪ್ಪಾಗಿತ್ತು. ನನ್ನ ಗೊನೆ ಅದು. ನನ್ನದು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ದ್ವೀಪದ ಪೋರ್ಟ್‌ಲೆಂಡಿನ ಗುಡ್ಡಗಳಲ್ಲಿ ಮಗುವಿನ ಹೊಕ್ಕುಳಬಳ್ಳಿ ಉದುರಿದಾಗ ಅದನ್ನು ಮನೆಯಂಗಳದಲ್ಲೇ ಹೂತು ಮೇಲೊಂದು ಗಿಡ ನೆಡುತ್ತಾರೆ. ಆ ಮರ ಆ ಮಗುವಿನದು. ಆ ಅಂಗಳವೂ ಅಷ್ಟೇ. ಹೊಕ್ಕುಳಬಳ್ಳಿ ಹೂತ ಜಾಗದಿಂದ ಯಾರನ್ನೂ ಯಾರೂ ಎಬ್ಬಿಸುವಂತಿಲ್ಲ. ಅಣ್ಣ ಲ್ಯಾಸೆಲ್ಸ್‌ನದು ಗೇಟಿನ ಪಕ್ಕದ ತೆಂಗು. ಅಕ್ಕ ವೆರೋನಳದು ಮನೆಯ ಮುಂದಿನ ದೀವಿಹಲಸು. ನನ್ನದು ಅಡುಗೆಮನೆ ಹಿಂದಿನ ಬಾಳೆ.

ಚಿಕ್ಕಂದಿನಲ್ಲಿ ಇದು ನನಗೆ ದೊಡ್ಡ ಅವಮಾನವಾಗಿತ್ತು. “ನಿಂದು ಮರಾನೇ ಅಲ್ಲ, ಹುಲ್ಲು ಅದು” ಎಂದು ಇಬ್ಬರೂ ಅಣಕಿಸುವರು. ನಾನು ಅಳುತ್ತ ಅಮ್ಮನ ಹತ್ತಿರ ಹೋಗಿ, “ಇವರಿಗೆಲ್ಲ ದೊಡ್ಡ ದೊಡ್ಡ ಮರ, ನನಗ್ಯಾಕೆ ಬಾಳೆ?” ಎಂದು ಕೇಳಿದರೆ, “ಅದಕ್ಕೇನಾಗಿದೆ? ಹಣ್ಣು ಸಿಹಿ ಇಲ್ವಾ? ಹೋಗು, ಕೋಳಿ ಮುಚ್ಚು” ಎಂದು ಅಟ್ಟಿಬಿಡುತ್ತಿದ್ದಳು. ಆಮೇಲೆ ಒಂದು ಚಂಡಮಾರುತ ಬಂದು ವೆರೋನಳ ದೀವಿಹಲಸನ್ನು ಬುಡಸಮೇತ ಕಿತ್ತುಹಾಕಿತು. ನನ್ನ ಬಾಳೆ ಪ್ರತಿ ಗಾಳಿಗೂ ಬಿತ್ತು, ಪ್ರತಿ ಸಲವೂ ಪಕ್ಕದಲ್ಲಿ ಕಂದು ಹಾಕಿ ಎದ್ದಿತು. ಅವಮಾನ ಹೋಗಿ ಜಂಬ ಬಂತು. ನನ್ನ ಬ್ರೆಡ್ಡಿಗೆ ಹೆಸರೂ ಬಂತು. ಯಾರಾದರೂ ಹೊಗಳಿದರೆ ನಾನು ಎದೆ ಮುಂದೆ ಮಾಡಿ ಹೇಳುತ್ತಿದ್ದೆ: “ಅದರ ಬುಡದಲ್ಲಿ ನನ್ನ ಹೊಕ್ಕುಳಬಳ್ಳಿ ಇದೆ ಕಣ್ರೀ. ಆ ರುಚಿ ನಿಮ್ಮ ಹಣ್ಣಿಗೆ ಎಲ್ಲಿಂದ ಬರಬೇಕು?” ಚರ್ಚಿನಲ್ಲಿ ಹೇಳಿದ್ದೇನೆ, ಸಂತೆಯಲ್ಲಿ ಹೇಳಿದ್ದೇನೆ, ಸತ್ತವರ ಮನೆಯ ಜಾಗರಣೆಯಲ್ಲೂ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸಿ ತಿಂದು ಹೋಗುತ್ತಿದ್ದರು.

ಸರಿ, ಆ ಶನಿವಾರ. ಹಣ್ಣನ್ನು ಫೋರ್ಕಿನಿಂದ ಕಿವುಚಿ, ಬೆಣ್ಣೆ, ಕಂದು ಸಕ್ಕರೆ, ಮೊಟ್ಟೆ ಸೇರಿಸಿ, ಜಾಯಿಕಾಯಿ ತುರಿದು, ಒಂದು ಮುಚ್ಚಳ ಬಿಳಿ ರಮ್ಮು ಹಾಕಿದೆ. ಬೋಗುಣಿಗೆ ಒಂದು, ನನಗೆ ಒಂದು. ಮೈದಾ ಕಲಸಿ ಎರಡು ತಗಡಿನ ಅಚ್ಚಿಗೆ ಸುರಿದು ಓವನ್ನಿಗೆ ತಳ್ಳಿದೆ. ನಮ್ಮ ಓವನ್ನಿನ ಬಾಗಿಲು ನಿಲ್ಲುವುದಿಲ್ಲ. ಕುರ್ಚಿಯೊಂದನ್ನು ಒತ್ತಿ ಇಡಬೇಕು. ಅಮ್ಮ ಜಗಲಿಯಲ್ಲಿ ಹಸಿ ತೊಗರಿಕಾಯಿ ಬಿಡಿಸುತ್ತ ಕೂತಿದ್ದಳು. ಬೇಲಿಯಾಚೆ ಮರ್ಲೀನ್ ಆಗಲೇ ಖಾಲಿ ತಟ್ಟೆ ಹಿಡಿದು ನಿಂತಿದ್ದಳು.

“ಇನ್ನೂ ಒಳಗೆ ಇಟ್ಟಿದೀನಿ ಅಷ್ಟೇ ಕಣೇ” ಎಂದೆ.

“ನಾನೇನು ಕೇಳಿದ್ನಾ? ತಟ್ಟೆ ಒಣಗಿಸ್ತಿದೀನಿ” ಎಂದಳು ಅವಳು.

ಅಷ್ಟರಲ್ಲಿ ಲ್ಯಾಸೆಲ್ಸ್ ಬಂದ. ಪೋರ್ಟ್ ಆಂಟೋನಿಯೊ ಪೇಟೆಯಲ್ಲಿ ಅವನ ಮನೆ. ಲಾರಿಯ ಹಿಂದೆ ಒಂದು ದೊಡ್ಡ ಕಪ್ಪು ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಪಿಕಾಸಿ, ಗುದ್ದಲಿ. ನಲ್ಲಿಯಲ್ಲಿ ನೀರು ಬರುವುದು ದೇವರು ಮನಸ್ಸು ಮಾಡಿದ ದಿನ. ಅಮ್ಮನಿಗೆ ಈ ವಯಸ್ಸಿನಲ್ಲಿ ಬಕೆಟ್ಟು ಹಿಡಿದು ರಸ್ತೆಗಿಳಿಯಲು ಆಗುವುದಿಲ್ಲ. ಟ್ಯಾಂಕು ಬೇಕಿತ್ತು, ನಾನೇ ಹಟ ಮಾಡಿ ತರಿಸಿದ್ದು. ಅವನು ಮನೆಯ ಸುತ್ತ ಒಂದು ಸುತ್ತು ಹಾಕಿ, ಸೂರಿನ ಮಳೆನೀರು ಇಳಿಯುವ ದೋಣಿಯನ್ನು ನೋಡಿ, ಸೀದಾ ಅಡುಗೆಮನೆಯ ಹಿಂದಕ್ಕೆ ಹೋಗಿ ಬಾಳೆಯ ಬುಡಕ್ಕೆ ಬೂಟುಗಾಲಿಟ್ಟ.

“ಇಲ್ಲೇ ಕೂರಿಸೋದು. ಮಳೆನೀರು ನೇರವಾಗಿ ಬೀಳುತ್ತೆ. ಇದನ್ನ ಅಗೆದು ತೆಗಿಬೇಕು.”

“ಯಾವುದನ್ನ?”

“ಇದನ್ನ. ಬಾಳೆನ.”

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೇ ಹೇಳುತ್ತದೆ. ಫೋರ್ಕು ಕೈಯಲ್ಲಿತ್ತು, ಅದನ್ನು ಹಿಡಿದೇ ಹೊರಗೆ ಹೋದೆ.

“ನಿನ್ನ ತೆಂಗಿನ ಮರ ಕಡಿ. ಅಲ್ಲಿ ಕೂರಿಸು.”

“ಅಲ್ಲಿ ಸೂರು ಎಲ್ಲಿದೆಯೇ? ಆಕಾಶದಿಂದ ಪೈಪು ಎಳೀಲಾ? ಎಲ್ಲಾ ಕಡೆ ಇಳಿಜಾರು, ಸಮ ಇರೋದು ಇದೊಂದೇ ಜಾಗ. ಅಮ್ಮಂಗೆ ನೀರು ಬೇಕೋ ಬೇಡ್ವೋ?”

“ಅಮ್ಮಂಗೆ ನೀರು ನಾನು ಹೊರ್ತೀನಿ. ಇಷ್ಟು ವರ್ಷ ಯಾರು ಹೊತ್ತಿದ್ದು? ನೀನಾ? ಕ್ರಿಸ್‌ಮಸ್ಸಿಗೆ ಒಂದು ಸಲ ಹ್ಯಾಮು ತಗೊಂಡು ಬರೋನು ನೀನು. ಅದರ ಬುಡದಲ್ಲಿ ನನ್ನ ಹೊಕ್ಕುಳಬಳ್ಳಿ ಇದೆ. ಗುದ್ದಲಿ ಹಾಕು ನೋಡೋಣ, ಈ ಫೋರ್ಕು ಎಲ್ಲಿ ಇಳಿಯುತ್ತೆ ಅಂತ ತೋರಿಸ್ತೀನಿ!”

ಅವನ ಮುಖ ಕೆಂಪಗಾಯಿತು. ಬಿಸಿಲಲ್ಲಿ ಲಾರಿ ಓಡಿಸಿಕೊಂಡು ಬಂದಿದ್ದ, ಸೊಂಟ ನೋಯುತ್ತಿತ್ತೇನೋ, ಟ್ಯಾಂಕು ತಂದವನಿಗೆ ಬೈಗುಳ ಸಿಕ್ಕಿತ್ತು. ಹಿಂದೆಮುಂದೆ ನೋಡದೆ ಅಂದುಬಿಟ್ಟ:

“ಯಾವ ಹೊಕ್ಕುಳಬಳ್ಳಿಯೇ? ಈ ಅಂಗಳದಲ್ಲಿ ನಿನ್ನ ಹೊಕ್ಕುಳಬಳ್ಳಿ ಹೂತೇ ಇಲ್ಲ! ನಿನ್ನನ್ನ ತಂದ ದಿನ ನಾನೂ ಜೊತೆಗಿದ್ದೆ, ನಡೆಯೋ ಹುಡುಗ ಆಗಿದ್ದೆ. ಹೊಳೆಯಾಚೆಯಿಂದ ತಂದ್ರು ನಿನ್ನ!”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡದ್ದು ಕಾಣಿಸಿತು. ಅದಕ್ಕೇ ನನಗೆ ಗೊತ್ತಾದದ್ದು, ಅದು ಬರೀ ಜಗಳದ ಮಾತಲ್ಲ ಎಂದು.

ಬೇಲಿಯ ಕಡೆ ನೋಡಿದೆ. ಬಾಯಿಗೆ ಬೀಗವಿಲ್ಲದ ಮರ್ಲೀನ್, ಯಾರ ಮನೆಯ ವಿಷಯವಾದರೂ ಬಾಯಿ ಹಾಕಲು ಓಡಿಬರುವವಳು, ತಟ್ಟೆಯನ್ನು ಎದೆಗೊತ್ತಿಕೊಂಡು ತನ್ನ ಕಾಲ ಬೆರಳು ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದರೆ ಊರಿಗೆಲ್ಲ ಗೊತ್ತಿತ್ತು. ಚರ್ಚಿನಲ್ಲಿ, ಸಂತೆಯಲ್ಲಿ, ಸತ್ತವರ ಮನೆಯಲ್ಲಿ ನಾನು ಎದೆ ಮುಂದೆ ಮಾಡಿ ಹೇಳಿದ್ದನ್ನೆಲ್ಲ ಇವರು ಮುಖದ ಗೆರೆ ಅಲುಗಿಸದೆ ಕೇಳಿಕೊಂಡು, ನನ್ನ ಬ್ರೆಡ್ಡು ತಿಂದು, ಬೆರಳು ನೆಕ್ಕಿ ಮನೆಗೆ ಹೋಗಿದ್ದರು.

ಜಗಳದ ನಡುವೆಯೇ ಬೆನ್ನು ತಿರುಗಿಸಿದೆ. ಹುಟ್ಟಿದಂದಿನಿಂದ ನಾನು ಹಾಗೆ ಮಾಡಿದ್ದೇ ಇಲ್ಲ.

ಒಳಗೆ ಹೋಗಿ ಓವನ್ನಿಗೆ ಒತ್ತಿಟ್ಟಿದ್ದ ಕುರ್ಚಿಯ ಮೇಲೆ ಕೂತೆ. ಬೆನ್ನಿಗೆ ಶಾಖ ಹೊಡೆಯುತ್ತಿತ್ತು. ಗೋಡೆಯ ಮೇಲೆ ಅಪ್ಪನ ಫೋಟೋ, ಅವನ ಅಗಲ ಹಣೆ, ನನ್ನದೇ ಹಣೆ. ಹಾಗಾದರೆ ಅಪ್ಪ ಅಪ್ಪನೇ. ಅಮ್ಮ? ಹಿಟ್ಟು ಅಂಟಿದ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡೆ. ಅಮ್ಮನ ಬೆರಳು ಉದ್ದ, ನನ್ನವು ಮೊಂಡು. ಇದನ್ನು ಎಷ್ಟು ಸಲ ನೋಡಿದ್ದೇನೆ, ಒಂದು ಸಲವೂ ಯೋಚಿಸಲಿಲ್ಲವಲ್ಲ! ಗೇಟಿನ ಹತ್ತಿರದ ಕೋಣೆ ನನ್ನದು ಎಂದುಕೊಂಡಿದ್ದೆ, ಅಂಗಳ ನನ್ನದು ಎಂದುಕೊಂಡಿದ್ದೆ. ಈಗ ಯಾರಾದರೂ ಬಂದು ಎದ್ದು ಹೋಗು ಎಂದರೆ ಯಾವ ಮರ ತೋರಿಸಲಿ?

ಕೋಲೂರುವ ಸದ್ದು ಕೇಳಿಸಿತು. ಅಮ್ಮ ಬಂದು ಎದುರಿಗೆ ಹಿಟ್ಟಿನ ಡಬ್ಬದ ಮೇಲೆ ಕೂತಳು.

“ಏಳೇ. ಬ್ರೆಡ್ಡು ಸೀಯ್ತಿದೆ.”

ನಾನು ಏಳಲಿಲ್ಲ.

“ಡೆಸ್ರೀನ್. ಏಳು. ಅದೇನು ತಪ್ಪು ಮಾಡಿದೆ ಪಾಪ?”

ಎದ್ದೆ. ಅಚ್ಚುಗಳನ್ನು ಹೊರಗೆಳೆದೆ. ಅಂಚು ಕಪ್ಪಾಗಿತ್ತು. ಅಮ್ಮ ಒಂದನ್ನು ಹತ್ತಿರಕ್ಕೆಳೆದುಕೊಂಡು ಚಾಕುವಿನಿಂದ ಸೀದದ್ದನ್ನು ಕೆರೆಯತೊಡಗಿದಳು. ಕೆರೆಯುತ್ತಲೇ ಹೇಳಿದಳು.

“ಇನೆಜ್ ಅಂತ ಅವಳ ಹೆಸರು. ರಿಯೊ ಗ್ರ್ಯಾಂಡೆ ಹೊಳೆಯಾಚೆ, ಮೇಲಿನ ಗುಡ್ಡದಲ್ಲಿ ಒಂದು ಕೋಣೆ ಮನೆ. ನಿಮ್ಮಪ್ಪ ಗೊನೆ ಇಳಿಸೋಕೆ ಅಂತ ಹೋಗ್ತಿದ್ದ. ಗೊನೆ ಇಳಿಸಿದ್ದು ಸಾಕಾಗ್ಲಿಲ್ಲ ಅವನಿಗೆ.”

“ಅಮ್ಮಾ...”

“ಸುಮ್ನೆ ಕೇಳು. ಅವಳಿಗೆ ಇಂಗ್ಲೆಂಡಿಗೆ ಹಡಗಿನ ಟಿಕೆಟ್ಟು ಸಿಕ್ತು. ಹಿಂದೆಮುಂದೆ ಯಾರೂ ಇರಲಿಲ್ಲ. ಮಗುನ ಕರ್ಕೊಂಡು ಹೋಗಿ ಅಂತ ಹೇಳಿಕಳಿಸಿದ್ಲು. ನಿಮ್ಮಪ್ಪ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗ್ಬಿಟ್ಟ. ಜ್ವರ ಅಂತೆ! ನಾನೇ ಹೋದೆ. ದಾರಿಯುದ್ದಕ್ಕೂ ಅವಳನ್ನ ಬೈದುಕೊಂಡೇ ಹೋದೆ. ಇವನು ಲ್ಯಾಸೆಲ್ಸು ನನ್ನ ಲಂಗ ಹಿಡ್ಕೊಂಡು ಅಳ್ತಾ ಬಂದ.”

ಹೊರಗೆ ಕಿಟಕಿಯ ಹತ್ತಿರ ಯಾರೋ ಮೂಗು ಒರೆಸಿಕೊಂಡ ಸದ್ದು. ಅಣ್ಣ.

“ನಿನ್ನ ಎತ್ಕೊಂಡೆ. ನೀನು ನನ್ನ ಮುಖ ನೋಡಿ ನಕ್ಕೆ. ಅದಕ್ಕೂ ಬೈದೆ. ಬಾಗಿಲು ದಾಟಿ ಹೊರಟಾಗ ಅವಳು ಬಾಳೆ ಬುಡ ತೋರಿಸಿ, ಇವಳ ಹೊಕ್ಕುಳಬಳ್ಳಿ ಇಲ್ಲಿದೆ ಮಿಸ್ ಯೂಫಿ, ಯಾವತ್ತಾದ್ರೂ ಒಂದು ಸಲ ಕರ್ಕೊಂಡು ಬಂದು ತೋರಿಸಿ ಅಂದ್ಲು. ಮುಖ ತಿರುಗಿಸ್ಕೊಂಡು ಅವಳ ಗೇಟಿನವರೆಗೂ ಬಂದೆ. ಆಮೇಲೆ ಅನ್ನಿಸ್ತು, ನಾಳೆ ಇವಳು ನನ್ನ ಮಕ್ಕಳ ಜೊತೆ ಜಗಳ ಆಡ್ತಾಳೆ. ನಮಗೆ ಮರ ಇದೆ, ನಿಂದೆಲ್ಲೇ ಅಂತ ಅವರು ಕೇಳ್ತಾರೆ. ಆಗ ಇವಳೇನು ಹೇಳಬೇಕು? ವಾಪಸ್ಸು ಹೋದೆ. ಅಗಿ ಅಂದೆ.”

“ಏನನ್ನ?”

“ಬಾಳೆ ಕಂದನ್ನ. ಬುಡದ ಮಣ್ಣು ಅಲುಗದ ಹಾಗೆ ಅಗಿ ಅಂದೆ. ಅವಳು ಹಡಗಿಗೆ ಹೋಗೋ ಬಟ್ಟೆಯಲ್ಲಿದ್ಲು, ಬಿಳಿ ಶೂ ಹಾಕಿದ್ಲು. ಹಾಗೇ ಮೊಣಕಾಲೂರಿ ಅಗೆದ್ಲು. ಮಣ್ಣು ಸಮೇತ ಗೋಣಿಗೆ ಕಟ್ಟಿ ನನ್ನ ತಲೆ ಮೇಲೆ ಇಟ್ಟಿದ್ದೂ ಅವಳೇ. ಆಚೆ ಹೋಗಿ ಎರಡು ಚಳಿಗಾಲ ತಡೀಲಿಲ್ಲ, ತೀರ್ಕೊಂಡ್ಲು ಅಂತ ಆಮೇಲೆ ಸುದ್ದಿ ಬಂತು.” ಅಮ್ಮ ಚಾಕು ಕೆಳಗಿಟ್ಟಳು. “ನನಗ್ಯಾಕೆ ಬಾಳೆ ಅಂತ ಅಳ್ತಿದ್ದೆಯಲ್ಲ ನೀನು. ತೆಂಗಿನ ಮರ ಹೊತ್ಕೊಂಡು ಹೊಳೆ ದಾಟೋಕಾಗುತ್ತೇನೇ? ಬಾಳೆ ಆದ್ರೆ ಜೊತೆಗೆ ಬರುತ್ತೆ.”

ನಾನು ಅವಳನ್ನೇ ನೋಡಿದೆ. ಈ ಮನೆಯಲ್ಲಿ ಯಾರಿಗೂ ಒಂದು ಮೆಲುಮಾತು ಆಡದವಳು, ನನ್ನ ಬ್ರೆಡ್ಡಿಗೆ ಜಾಯಿಕಾಯಿ ಜಾಸ್ತಿಯಾಯಿತು ಎಂದು ಪ್ರತಿ ಸಲವೂ ಗೊಣಗುವವಳು. ನನಗೆ ಸಿಟ್ಟು ಬಂದಿತ್ತು, ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ. ಬಿಳಿ ಶೂ ಹಾಕಿದ ಒಬ್ಬ ಹೆಂಗಸಿಗಾಗಿ ಎದೆ ಉರಿಯುತ್ತಿತ್ತು, ಅವಳ ಮುಖವನ್ನೇ ನಾನು ಕಂಡಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ದಿಗ್ಭ್ರಮೆ. ನನ್ನ ಎದುರಿಗೆ ಕೂತು ಸೀದ ಬ್ರೆಡ್ಡು ಕೆರೆಯುತ್ತಿದ್ದ ಈ ಮುದುಕಿ ಯಾರು ಎಂದೇ ನನಗೆ ಅದುವರೆಗೂ ತಿಳಿದಿರಲಿಲ್ಲ.

“ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನೀನು ನನ್ನ ಮಗಳಲ್ಲ ಅಂತಾನಾ? ಸುಳ್ಳು ಹೇಳೋಕೆ ನನಗೆ ಬರಲ್ಲ.”

ಬೋಗುಣಿ ತೊಳೆಯುವ ನೆಪದಲ್ಲಿ ನಾನು ಆಚೆ ತಿರುಗಿದೆ. ಆಮೇಲೆ ಹೊರಗೆ ಹೋದೆ. ಲ್ಯಾಸೆಲ್ಸ್ ಟೋಪಿ ಹಿಚುಕುತ್ತ ನಿಂತಿದ್ದ.

“ಟ್ಯಾಂಕು ವಾಪಸ್ಸು ತಗೊಂಡು ಹೋಗ್ತೀನಿ ಕಣೇ ಡೆಸಿ. ನನ್ನ ಬಾಯಿಗೆ ಬೆಂಕಿ ಬೀಳ.”

“ಬೀಳುತ್ತೆ, ಇರು. ಮೊದಲು ಅಗಿ. ದೊಡ್ಡ ಕಂದನ್ನ ಮಣ್ಣು ಸಮೇತ ತೆಗಿ. ಗೆಡ್ಡೆಗೆ ಒಂದು ಏಟು ಬಿದ್ರೂ ಆ ಟ್ಯಾಂಕಿನಲ್ಲೇ ನಿನ್ನ ಮುಳುಗಿಸ್ತೀನಿ.”

ಅವನು ಮಗುವಿನ ತಲೆ ಬಾಚುವವನ ಹಾಗೆ ಮೆಲ್ಲಗೆ ಅಗೆದ. ಮರ್ಲೀನ್ ಬೇಲಿ ಹಾರಿ ಬಂದು, ಕೇಳದೆಯೇ ಗೋಣಿ ಹಿಡಿದಳು; ನನ್ನ ಮುಖ ಮಾತ್ರ ನೋಡಲಿಲ್ಲ. ಹೊಸ ಗುಂಡಿ ಎಲ್ಲಿ ಎಂದು ನಾನು ಹೇಳುವ ಮುಂಚೆಯೇ ಲ್ಯಾಸೆಲ್ಸ್ ಗೇಟಿಗೆ ಹೋಗಿ ತನ್ನ ತೆಂಗಿನ ಪಕ್ಕದಲ್ಲೇ ತೋಡಿದ್ದ. ಅಮ್ಮ ಜಗಲಿಗೆ ಬಂದು, ಸೀದ ಬ್ರೆಡ್ಡಿನ ತುಂಡನ್ನು ಕಾಫಿಗೆ ಅದ್ದಿಕೊಂಡು ಕೂತಳು.

“ನಾನು ಹೊರ್ತೀನಿ, ಕೊಡು” ಎಂದ ಲ್ಯಾಸೆಲ್ಸ್.

“ಮುಟ್ಟಬೇಡ” ಎಂದೆ. ಬಟ್ಟೆ ಸುತ್ತಿ ಸಿಂಬಿ ಮಾಡಿ ತಲೆಗಿಟ್ಟುಕೊಂಡೆ. ಇಬ್ಬರೂ ಸೇರಿ ಗೋಣಿಯನ್ನು ಎತ್ತಿ ತಲೆಯ ಮೇಲಿಟ್ಟರು.

ಅಯ್ಯೋ, ಎಂಥ ಭಾರ! ಕುತ್ತಿಗೆ ಒಳಗಿಳಿದುಹೋದಂತಾಯಿತು. ಒದ್ದೆ ಮಣ್ಣು ಗೋಣಿಯ ಸಂದಿಯಿಂದ ಹಣೆಗೆ, ಕಣ್ಣಿಗೆ ಸುರಿಯಿತು. ದೀವಿಹಲಸು ಇದ್ದ ಜಾಗಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿ ನಿಂತುಬಿಟ್ಟೆ. ಅಡುಗೆಮನೆ ಇನ್ನೂ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಗೇಟು ಅಲ್ಲೇ ಕಾಣುತ್ತಿತ್ತು.

ಜಗಲಿಯ ಕಡೆ ತಿರುಗಿ ನೋಡಿದೆ. ಅಮ್ಮ ಕಾಫಿ ಕುಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳು ಇದನ್ನು ಹೊತ್ತು ಗುಡ್ಡ ಇಳಿದಿದ್ದಳು, ಹೊಳೆ ದಾಟಿದ್ದಳು, ಮತ್ತೆ ಗುಡ್ಡ ಹತ್ತಿದ್ದಳು. ಅಷ್ಟು ದೂರವೂ ಅವಳ ತೋಳಲ್ಲಿ ನಾನಿದ್ದೆ.