ಸೀನ ಬಾಯಿ ಮುಚ್ಚಿಕೊಂಡ ದಿನ

ಸೀನನಿಗೆ ಜಗತ್ತಿನಲ್ಲಿ ಏನು ಬೇಕಾದರೂ ಬರುತ್ತಿತ್ತು, ಸುಮ್ಮನಿರುವುದೊಂದು ಬರುತ್ತಿರಲಿಲ್ಲ. ಅವನ ಹೊಟ್ಟೆ ತುಂಬಿಸುತ್ತಿದ್ದುದೂ ಅವನ ಬಾಯಿಯೇ. ಇಂದಿರಾನಗರದ ಆರ್‌ಟಿಓ ಆಫೀಸಿನ ಎದುರು ಹೊಂಗೆ ಮರದ ಕೆಳಗೆ ನಿಲ್ಲಿಸಿದ ಸ್ಕೂಟರೇ ಅವನ ಕಚೇರಿ. ಲೈಸೆನ್ಸು ಬೇಕಾದವರು, ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದವರು ಬಂದು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧವನ್ನು ಇವನೇ ಹೇಳಿ ಮುಗಿಸುತ್ತಿದ್ದ. ಅವರ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, "ನೀವು ಆರಾಮಾಗಿ ನಿಂತ್ಕೊಳ್ಳಿ, ನಾನ್ ಮಾತಾಡ್ತೀನಿ" ಎನ್ನುತ್ತಿದ್ದ. ದಿನಕ್ಕೆ ನೂರು ಸಲವಾದರೂ ಆ ಮಾತು ಅವನ ಬಾಯಲ್ಲಿ ಬರುತ್ತಿತ್ತು.

ಅದನ್ನು ಅವನು ಮೊಟ್ಟಮೊದಲು ಹೇಳಿದ್ದು ಅನೀಸನಿಗೆ. ಆಗ ಇಬ್ಬರಿಗೂ ಆರು ವರ್ಷ. ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಒಂದೇ ಬೆಂಚು. ಅನೀಸನಿಗೆ ಉಗ್ಗು. ಬೇರೆ ಮಾತುಗಳನ್ನು ಹೇಗೋ ತಳ್ಳಿಕೊಂಡು ಹೋಗುತ್ತಿದ್ದ, ಆದರೆ ತನ್ನ ಹೆಸರು ಹೇಳಬೇಕಾಗಿ ಬಂದಾಗ ಮಾತ್ರ ಆ ಮೊದಲ 'ಅ' ಗಂಟಲಲ್ಲೇ ಕೂತುಬಿಡುತ್ತಿತ್ತು. ಅಮರಪ್ಪ ಮೇಷ್ಟ್ರು ಹಾಜರಿ ಕೂಗುವಾಗ ಇಡೀ ಕ್ಲಾಸಿನೆದುರು ಅವನಿಗೆ "ಪ್ರೆಸೆಂಟ್ ಸಾರ್" ಎನ್ನಲೂ ಆಗದು. ಎರಡು ದಿನ ಶಾಲೆಯಲ್ಲಿ ಕೂತಿದ್ದೂ ಆಬ್ಸೆಂಟ್ ಆದ. ಮೂರನೆಯ ದಿನದಿಂದ ಸೀನ ತಲೆ ತಗ್ಗಿಸಿ, ಸ್ವರ ಬದಲಿಸಿ, ಅವನ ಹಾಜರಿಯನ್ನೂ ತಾನೇ ಹೇಳತೊಡಗಿದ. ಮೇಷ್ಟ್ರಿಗೆ ಗೊತ್ತಾಗುತ್ತಿರಲಿಲ್ಲವೆಂದೇನಲ್ಲ. ನಗು ನುಂಗಿಕೊಂಡು ಗುರುತು ಹಾಕಿಕೊಳ್ಳುತ್ತಿದ್ದರು.

ಅಂದಿನಿಂದ ಅನೀಸನ ಮಾತೆಲ್ಲ ಸೀನನ ಗುತ್ತಿಗೆ. ಮದುವೆಗೆಂದು ಸಾಮಿಯಾಳನ್ನು ನೋಡಲು ಹೋದಾಗ ಹುಡುಗಿಯ ಅಪ್ಪನ ಪ್ರಶ್ನೆಗಳಿಗೆ ಉತ್ತರಿಸಿದ್ದು ಸೀನ. ಅನೀಸ್ ಶಿವಾಜಿನಗರದಲ್ಲಿ ಆಟೋ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ ಹಾಕಿದಾಗ ಮಾಲೀಕನ ಹತ್ತಿರ ಬಾಡಿಗೆ ಮಾತಾಡಿದ್ದೂ ಸೀನ. ಹೋಟೆಲಿನಲ್ಲಿ "ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ" ಎಂದು ಕೂಗುವವನೂ ಅವನೇ. ಸಕ್ಕರೆ ಕಮ್ಮಿಯದು ಅನೀಸನಿಗೆ. ಸೀನನ ಅಕ್ಕರೆಯಲ್ಲಿ ಸುಳ್ಳಿರಲಿಲ್ಲ. ಅನೀಸ್ ಜನರೆದುರು ಉಸಿರು ಸಿಕ್ಕಿ ನಿಲ್ಲುವುದನ್ನು ನೋಡಿದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಒಂದು ಕಡೆ ಮಾತ್ರ ಸೀನನ ಆಟ ನಡೆದಿರಲಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅನೀಸ್ ಒಬ್ಬನೇ ಓಟು ಹಾಕಲು ಹೋಗಿದ್ದ. ಸೀನನಿಗೆ ಆಗ ಟೈಫಾಯ್ಡ್. ಯಾರೋ ಹೆಸರು ಕೇಳಿದರು. ಅನೀಸನಿಗೆ ಮಾತು ಸಿಕ್ಕಿಕೊಂಡಿತು. ಹಿಂದೆ ನಿಂತವರು ನಕ್ಕರು. ಅನೀಸ್ ತಿರುಗಿ ಬಂದವನು ಮತ್ತೆ ಹದಿನೇಳು ವರ್ಷ ಆ ಕಡೆ ಮುಖ ಹಾಕಲಿಲ್ಲ. ಓಟಿನ ದಿನ ಬಂದರೆ ಅಂಗಡಿಯ ಶಟರ್ ಅರ್ಧ ಇಳಿಸಿಕೊಂಡು ಒಳಗೆ ಹೊಲಿಯುತ್ತ ಕೂರುತ್ತಿದ್ದ.

ಈ ಏಪ್ರಿಲ್‌ನ ಚುನಾವಣೆಗೆ ಮುಂಚೆ ಅವನೇ ಬಂದು, "ನಾ... ನಾನೂ ಬರ್ತೀನಿ ಕಣೋ" ಎಂದಾಗ ಸೀನನಿಗೆ ಹಬ್ಬ. ಸಂಜೆ ಅನೀಸನ ಅಂಗಡಿಯಲ್ಲೇ ತಾಲೀಮು ಶುರುವಾಯಿತು. ಮೂರು ಸ್ಟೂಲು ಇಟ್ಟು ಮೂವರು ಅಧಿಕಾರಿಗಳನ್ನು ಮಾಡಿದ. ಟೀವಿಯ ಹಳೇ ರಿಮೋಟೇ ಮತಯಂತ್ರ.

"ಬಾಯೇ ಬಿಡ್ಬೇಕಾಗಿಲ್ಲ ಮಗಾ. ಚೀಟಿ ಕೊಡ್ತೀಯ. ನಂಬರ್ರು, ಹೆಸರು ಅವ್ರೇ ಗಟ್ಟಿಯಾಗಿ ಓದ್ತಾರೆ. ಪಾರ್ಟಿಯೋರು ಕೂತಿರ್ತಾರಲ್ಲ, ಅವ್ರು ಟಿಕ್ ಹಾಕ್ಕೋತಾರೆ. ಆಮೇಲೆ ಬೆರಳಿಗೆ ಇಂಕು, ಒಂದು ಸೈನು, ಬಟನ್ನು. ಮುಗೀತು."

"ಏ... ಏನಾದ್ರೂ ಕೇಳಿದ್ರೆ?"

"ನಿನ್ ಹಿಂದೇನೇ ಇರ್ತೀನಲ್ಲ. ನಾನ್ ಮಾತಾಡ್ತೀನಿ."

ಅನೀಸ್ ರಿಮೋಟನ್ನು ಕೆಳಗಿಟ್ಟ. ಆಮೇಲೆ ಅವನು ಹೇಳಿದ್ದಕ್ಕೆ ಬಹಳ ಹೊತ್ತು ಹಿಡಿಯಿತು, ನಡುವೆ ನಾಲ್ಕು ಸಲ ಸೀನ ಬಾಯಿ ಹಾಕಿದ, ನಾಲ್ಕು ಸಲವೂ ಅನೀಸ್ ಕೈ ಅಡ್ಡ ಹಿಡಿದ. ವಿಷಯ ಇಷ್ಟು. ಮಗಳು ಇಕ್ರಾಳಿಗೆ ಏಳು ವರ್ಷ. ಈಚೆಗೆ ಅವಳಿಗೂ ಮಾತು ಸಿಕ್ಕಿಕೊಳ್ಳುತ್ತಿದೆ. ಶಾಲೆಯಲ್ಲಿ ಹೆಸರು ಕೇಳಿದರೆ ಹೇಳುವುದಿಲ್ಲ, ಕೈ ಎತ್ತುವುದಿಲ್ಲ. ಯಾಕೆ ಎಂದು ಸಾಮಿಯಾ ಗದರಿಸಿದ್ದಕ್ಕೆ ಮಗು ಹೇಳಿತಂತೆ: ಅಬ್ಬಾಗೆ ಸೀನ ಚಾಚಾ ಇದಾರೆ, ನನಗೂ ಯಾರಾದ್ರೂ ಬೇಕು.

ಸೀನನಿಗೆ ಕಪಾಳಕ್ಕೆ ಕೊಟ್ಟಂತಾಯಿತು.

"ಅವಳನ್ನ ಕರ್ಕೊಂಡು ಬ... ಬರ್ತೀನಿ. ಅವಳು ನೋಡ್ಬೇಕು," ಎಂದ ಅನೀಸ್. "ಏನೇ ಆದ್ರೂ ನೀನು ಬಾಯಿ ಬಿಡ್ಬಾರ್ದು. ಆಣೆ ಇಡು."

ಸೀನ ಆಣೆ ಇಟ್ಟ. ಇಡುವಾಗ ಅದೇನು ಮಹಾ ಎಂದುಕೊಂಡಿದ್ದ.

ಓಟಿನ ದಿನ ಶುಕ್ರವಾರ, ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಸಾಮಿಯಾ ಏಳು ಗಂಟೆಗೇ ಓಟು ಹಾಕಿ ಮನೆ ಸೇರಿದ್ದಳು. ಅನೀಸ್ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಇಕ್ರಾಳ ಕೈ ಹಿಡಿದು, ಮದುವೆಯ ದಿನಕ್ಕಿಂತಲೂ ಹೆಚ್ಚಾಗಿ ಬೆವರುತ್ತ ಬಂದ. ಶಾಲೆಯ ಬೀದಿಯ ತಿರುವಿನಲ್ಲಿ ಪಾರ್ಟಿಯವರ ಮೇಜು. ಸೀನ ಅಲ್ಲಿಗೆ ನುಗ್ಗಿ, ಆರ್‌ಟಿಓ ಅಭ್ಯಾಸದಂತೆ, ಅನೀಸನ ಹೆಸರು ಹೇಳುವ ಬದಲು ಮನೆ ನಂಬರು ಹೇಳಿದ. ಆ ಮನೆಯಲ್ಲಿ ಯಾರ ಯಾರ ಹೆಸರಿತ್ತೋ ಅಷ್ಟೂ ಚೀಟಿ ಕೈಗೆ ಬಂದವು. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ತುರುಕಿ, ಅನೀಸನ ಗುರುತಿನ ಕಾರ್ಡನ್ನೂ ಇಸಿದುಕೊಂಡ.

"ಎಲ್ಲಾ ನನ್ ಹತ್ರಾನೇ ಇರ್ಲಿ. ನೀನು ಗಾಬ್ರೀಲಿ ಬೀಳಿಸ್ಕೋತೀಯ."

ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರು. ಮತಗಟ್ಟೆ ಇದ್ದುದು ಬೇರೆಲ್ಲೂ ಅಲ್ಲ, ಅವರ ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ. ಬಾಗಿಲ ಬಣ್ಣ ಬದಲಾಗಿತ್ತು, ಫ್ಯಾನಿನ ಕಿರುಗುಟ್ಟುವಿಕೆ ಮಾತ್ರ ಅದೇ. ಬಾಗಿಲಲ್ಲಿದ್ದ ಮಹಿಳಾ ಪೊಲೀಸ್ ಇಕ್ರಾಳ ಗಲ್ಲ ತಟ್ಟಿ, "ನೀನು ಇಲ್ಲೇ ಕಿಟಕಿ ಹತ್ರ ನಿಂತ್ಕೋ ಪುಟ್ಟಾ" ಎಂದಳು. ಸೀನ ಕವರಿನಿಂದ ಒಂದು ಚೀಟಿ ತೆಗೆದು, ಕಾರ್ಡಿನ ಮೇಲಿಟ್ಟು, ಅನೀಸನ ಒದ್ದೆ ಅಂಗೈಗೆ ಕೊಟ್ಟ.

ಮೊದಲ ಮೇಜಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದರು. ಚೀಟಿ ನೋಡಿ ಗಟ್ಟಿಯಾಗಿ ಓದಿದರು.

"ನಾನೂರ ಹನ್ನೆರಡು. ಸಕ್ಲೇನ್ ಪಾಷಾ."

ಸಕ್ಲೇನ್ ಅನೀಸನ ಅಣ್ಣ. ಹೊಸೂರಿಗೆ ಮನೆ ಬದಲಿಸಿ ಎರಡು ವರ್ಷವಾಗಿತ್ತು. ಸೀನ ಕವರಿನೊಳಗೆ ನೋಡಿದ. ನಾನೂರ ಹದಿಮೂರು, ಅನೀಸ್ ಪಾಷಾ, ಅಲ್ಲೇ ಮಲಗಿತ್ತು.

ಆ ಅಧಿಕಾರಿ ಇನ್ನೊಂದು ಹಾಳೆಯ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು. "ಇವ್ರು ಮನೆ ಬಿಟ್ಟು ಹೋಗಿದಾರೆ ಅಂತ ಬರೆದಿದೆಯಲ್ಲ. ನೀವು ಯಾರು?"

ಗೋಡೆಗೆ ಒರಗಿ ಕೂತಿದ್ದ ಪಾರ್ಟಿ ಏಜೆಂಟರಲ್ಲಿ ಒಬ್ಬ ಎದ್ದು ನಿಂತ. "ಮೇಡಂ, ಸರಿಯಾಗಿ ವಿಚಾರ್ಸಿ. ಕಳ್ಳ ಓಟು ಇದ್ರೂ ಇರ್ಬೋದು."

ಕೋಣೆಯ ಅಷ್ಟೂ ಮುಖ ಅನೀಸನ ಕಡೆ ತಿರುಗಿತು. ಅನೀಸ್ ಕಾರ್ಡು ಮುಂದೆ ಚಾಚಿದ. ಆಕೆ ಅದನ್ನು ತೆಗೆದುಕೊಂಡು, ನೋಡಿ, ಮೇಜಿನ ಮೇಲೆ ಬೋರಲಾಗಿಟ್ಟು ಅದರ ಮೇಲೆ ಅಂಗೈ ಊರಿದರು. ಅನುಮಾನ ಬಂದ ಮೇಲೆ ಅವರದೂ ಕೆಲಸವಲ್ಲವೇ.

"ನಿಮ್ಮ ಹೆಸರು ನೀವೇ ಹೇಳಿ."

ಅನೀಸನ ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡವು. ಎಡಗಾಲಿನ ಹಿಮ್ಮಡಿ ಮೇಲೆದ್ದಿತು. ಇವೆಲ್ಲ ಸೀನನಿಗೆ ಬಾಯಿಪಾಠ. ಇದಾದ ಮೇಲೆ ಇನ್ನು ಎರಡೇ ದಾರಿ: ಒಂದೋ ತಾನು ಹೇಳಬೇಕು, ಇಲ್ಲವೋ ಇವನು ತಿರುಗಿ ಓಡುತ್ತಾನೆ. ತಪ್ಪು ತನ್ನದು. ಒಂದೇ ಮಾತು ಸಾಕು, ಮೇಡಂ ಚೀಟಿ ಬದಲಾಗಿದೆ, ಇವನು ಅನೀಸ್ ಅಂತ. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಣೆಯನ್ನು ಬೇಕಾದರೆ ಆಮೇಲೆ ನೋಡಿಕೊಳ್ಳೋಣ, ಈಗ ಇವನ ಮಾನ ಉಳಿಯಲಿ ಎಂದು ಬಾಯಿ ತೆರೆದೂಬಿಟ್ಟ.

ಆಗ ಕಿಟಕಿ ಕಣ್ಣಿಗೆ ಬಿತ್ತು. ಇಕ್ರಾ ಸರಳು ಹಿಡಿದು ನಿಂತಿದ್ದಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ. ಸೀನನ ಬಾಯನ್ನೇ ನೋಡುತ್ತಿದ್ದಳು.

ಸೀನ ಪ್ಲಾಸ್ಟಿಕ್ ಕವರಿನ ಅಂಚನ್ನು ಬಾಯಿಗೆ ತುರುಕಿಕೊಂಡು ಹಲ್ಲಲ್ಲಿ ಕಚ್ಚಿ ಹಿಡಿದ.

ಫ್ಯಾನು ಕಿರುಗುಟ್ಟಿತು. ಸಾಲಿನಲ್ಲಿ ಯಾರೋ, "ಬೇಗ ಆಗ್ಲಿ ರೀ" ಎಂದರು. ಆ ಅಧಿಕಾರಿ ತಲೆ ಎತ್ತದೆ ಕೈ ತೋರಿಸಿದರು. "ಅವ್ರು ಹೇಳ್ತಿದಾರೆ. ಇರಿ." ಆಕೆಗೆ ಅರ್ಥವಾಗಿರಬೇಕು. ಕನ್ನಡಕ ತೆಗೆದು ಸೆರಗಿನಿಂದ ನಿಧಾನವಾಗಿ ಒರೆಸತೊಡಗಿದರು, ಇಡೀ ದಿನ ಅದೊಂದೇ ಕೆಲಸವೇನೋ ಎಂಬಂತೆ.

"ಅ..." ಎಂದ ಅನೀಸ್. ನಿಂತ. ಉಸಿರು ತೆಗೆದುಕೊಂಡ. ಮತ್ತೆ "ಅ..." ಎಂದ. ಸೀನನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತಾನು ಎಂದೂ ಇಷ್ಟು ಹೊತ್ತು ಬಿಟ್ಟಿರಲಿಲ್ಲ, ಇದರ ಆಚೆ ಏನಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಅನೀಸ್," ಎಂದ ಅನೀಸ್. "ಅನೀಸ್ ಪಾಷಾ. ಸಕ್ಲೇನ್ ನಮ್ಮಣ್ಣ. ಚೀ... ಚೀಟಿ ಬದಲಾಗಿದೆ."

"ತಂದೆ ಹೆಸರು?"

ಅವನ ತಂದೆ ಅಹ್ಮದ್ ಪಾಷಾ. ಇನ್ನೊಂದು 'ಅ'. ದೇವರಿಗೂ ಒಮ್ಮೊಮ್ಮೆ ತಮಾಷೆ ಜಾಸ್ತಿಯಾಗುತ್ತದೆ. ಅದಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಈ ಸಲ ಸಾಲಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅನೀಸ್ ಕಣ್ಣು ಮುಚ್ಚದೆಯೇ ಹೇಳಿ ಮುಗಿಸಿದ.

ಆಕೆ ಕಾರ್ಡನ್ನು ಮಗುಚಿ ನೋಡಿ ತಲೆದೂಗಿದರು. "ನಾನೂರ ಹದಿಮೂರು. ಅನೀಸ್ ಪಾಷಾ. ಬರ್ಕೊಳ್ರಪ್ಪಾ." ಎದ್ದು ನಿಂತಿದ್ದ ಏಜೆಂಟ್ ಕೂತುಕೊಂಡು ಟಿಕ್ ಹಾಕಿದ.

ಅನೀಸ್ ಎರಡನೇ ಮೇಜಿಗೆ ಸರಿದು ಎಡಗೈ ಚಾಚಿದ. ಈಗ ಸೀನನ ಸರದಿ, ತನ್ನ ಕಾರ್ಡು, ಚೀಟಿ ಮೇಜಿನ ಮೇಲಿಟ್ಟ.

"ಆರುನೂರ ಐದು. ಶ್ರೀನಿವಾಸ. ನೀವೇನಾ?"

ಕವರು ಇನ್ನೂ ಸೀನನ ಹಲ್ಲಿನಲ್ಲೇ ಇತ್ತು, ಕೆನ್ನೆ ಒದ್ದೆಯಾಗಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ಮಾತು ಹೊರಡಲಿಲ್ಲ. ಅಧಿಕಾರಿ ಇವನನ್ನೂ ಅನುಮಾನದಿಂದ ನೋಡಿದರು.

ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಿದ್ದ ಅನೀಸ್ ಕತ್ತು ತಿರುಗಿಸಿದ.

"ಪ್ರ... ಪ್ರೆಸೆಂಟ್, ಮೇಡಂ," ಎಂದ.

ಹೊರಗೆ ಬಂದಾಗ ಇಕ್ರಾ ಅಪ್ಪನ ಬೆರಳನ್ನು ಎರಡೂ ಕೈಯಲ್ಲಿ ಹಿಡಿದು, ಮೂಸಿ, ತಿರುಗಿಸಿ ನೋಡಿದಳು. ಸೀನ ಮುಖ ಒರೆಸಿಕೊಂಡು, "ಚೀಟಿ ನಂದೇ ತಪ್ಪು ಮಗಾ" ಎಂದ. ಅನೀಸ್ "ಗೊತ್ತು" ಎಂದ. ಅವನ ಷರ್ಟು ಬೆನ್ನಿಗೆ ಅಂಟಿಕೊಂಡಿತ್ತು, ಮುಖ ಮಾತ್ರ ಜ್ವರ ಬಿಟ್ಟವನ ಹಾಗೆ ಹಗುರವಾಗಿತ್ತು.

"ಚಾಚಾ," ಎಂದಳು ಇಕ್ರಾ. "ಅಬ್ಬಾಗೆ ತು... ತು..."

ತುಂಬಾ ಭಯ ಆಯ್ತು ಅಂತ ಹೇಳ್ತಾಳೆ, ಪಾಪ, ಎಂದುಕೊಂಡ ಸೀನ. ಅದನ್ನು ಹೇಳಿಯೂ ಬಿಡುತ್ತಿದ್ದ. ಆದರೆ ರಸ್ತೆಯಲ್ಲೇ ಮಂಡಿ ಬಗ್ಗಿಸಿ ಕೂತು, ಸುಮ್ಮನೆ ಅವಳ ಮುಖ ನೋಡಿದ.

"ತುಂಬಾ ಹೊತ್ತು ಎಲ್ರೂ ಕಾದ್ರು," ಎಂದಳು ಇಕ್ರಾ.

ಸೀನ ಎದ್ದು ಅವಳ ಕೈ ಹಿಡಿದುಕೊಂಡ. ಕೆರೆ ಕಡೆಯ ರಸ್ತೆಯಲ್ಲಿ ಅವರ ಹಳೇ ಹೋಟೆಲು ತೆರೆದಿತ್ತು. ಮೂವರೂ ಹೋಗಿ ಕೂತರು. ಮಾಣಿ ಬಂದು ಸೀನನ ಮುಖ ನೋಡಿದ. ಸೀನ ಬಾಯಿ ತೆರೆದವನು ಮುಚ್ಚಿಕೊಂಡು ಅನೀಸನ ಕಡೆ ತಿರುಗಿದ.

"ಏನ್ ತಗೋತೀಯ?"

ಯಾರೂ ಅವಸರ ಮಾಡಲಿಲ್ಲ.

"ಕಾ... ಕಾಫಿ," ಎಂದ ಅನೀಸ್. "ಸಕ್ಕರೆ ಜಾಸ್ತಿ."